ಹೊನ್ನಿಯ ಬೆರಳು

ಹೊಳೆದಂಡೆಯ ಆಶ್ರಮವೊಂದರಲ್ಲಿ ಚನ್ನವೀರನೆಂಬ ಶಿಷ್ಯನಿದ್ದ. ಚಿತ್ರ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಅದು ಅವನಿಗೂ ಚೆನ್ನಾಗಿಯೇ ಗೊತ್ತಿತ್ತು ಅನ್ನಿ.

ಸಂಜೆ ಕಥೆ ಕೇಳಲು ಬರುವ ಮಕ್ಕಳಿಗಾಗಿ ಅವನೊಂದು ಚಿತ್ರದ ಪುಸ್ತಕ ಮಾಡಿದ. ಕಳೆದುಹೋದ ಎಮ್ಮೆಯನ್ನು ಊರಿನ ಮಕ್ಕಳೆಲ್ಲ ಸೇರಿ ಹುಡುಕುವ ಕಥೆ.

ಪುಸ್ತಕ ಕೈಗೆ ಬಂದದ್ದೇ ತಡ, ಮಕ್ಕಳು ಚಿತ್ರಗಳ ಮೇಲೆ ಬೆರಳಿಡತೊಡಗಿದರು.

"ಇದು ನಾನು!"

"ಹೋಗೋ, ಅದು ನಾನು!"

ದೋಣಿಯವನ ಮಗಳು ಹೊನ್ನಿಯೂ ಬೆರಳು ಚಾಚಿದಳು. ಕಪ್ಪು ಹುಡುಗಿ, ತಲೆತುಂಬ ಗುಂಗುರು ಕೂದಲು. ಪುಸ್ತಕದ ಮಕ್ಕಳೋ, ಎಲ್ಲರೂ ಬೆಳ್ಳಗೆ, ಎಣ್ಣೆ ಹಚ್ಚಿ ನುಣ್ಣಗೆ ಬಾಚಿಕೊಂಡವರು. ಹೊನ್ನಿ ಪುಟ ಮಗುಚಿದಳು. ಇನ್ನೊಂದು ಮಗುಚಿದಳು. ಕೊನೆಯ ಪುಟದವರೆಗೂ ಹೋಗಿ ಹಿಂದಕ್ಕೆ ಬಂದಳು. ಆಮೇಲೆ ಬೆರಳನ್ನು ಎಮ್ಮೆಯ ಮೇಲಿಟ್ಟಳು.

"ಇದು ನಾನು."

ಮಕ್ಕಳು ಹೋ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಮುಕುಂದ. ಅಯ್ಯೋ, ಚನ್ನವೀರನಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಹೊನ್ನಿ ಬರಲಿಲ್ಲ. ಆಮೇಲೂ ಬರಲಿಲ್ಲ.

"ಆಮೇಲೆ? ಆಮೇಲೇನಾಯ್ತು?" ಎಂದು ಜೀವ ತಿನ್ನುತ್ತಿದ್ದವಳು ಅವಳೊಬ್ಬಳೇ. ಅವಳಿಲ್ಲದೆ ಕಥೆ ಸಪ್ಪೆಯಾಯಿತು. ಇನ್ನೆಂದೂ ಬರದೇ ಹೋದರೆ ಎಂದು ಚನ್ನವೀರನಿಗೆ ಒಳಗೊಳಗೇ ಪುಕುಪುಕು. ಆದರೂ ತಪ್ಪು ಒಪ್ಪಿಕೊಳ್ಳಲು ಮನಸ್ಸಿಲ್ಲ.

"ಆ ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ, ಗುರುಗಳೇ," ಎಂದ. "ನಾನೇನು ಅವಳನ್ನು ಬೇಡ ಅಂದೆನೇ? ಕಥೆ ಎಲ್ಲರದೂ ತಾನೇ?"

"ಹೌದಪ್ಪ, ಎಲ್ಲರದೂ," ಎಂದರು ಗುರುಗಳು. "ಊಟದ ಹೊತ್ತಾಯಿತು, ಏಳು. ಇವತ್ತು ಎಲೆ ನಾನು ಹಾಕ್ತೀನಿ."

ಚನ್ನವೀರ ಕೈಕಾಲು ತೊಳೆದು ಬರುವಷ್ಟರಲ್ಲಿ ಎಲ್ಲರೂ ಸಾಲಾಗಿ ಕೂತಿದ್ದರು. ಅವನು ಸಾಲಿನ ಈ ತುದಿಯಿಂದ ಆ ತುದಿಗೆ ಹೋದ. ತಿರುಗಿ ಬಂದ. ಬಿಸಿ ಸಾರಿನ ಘಮ ಮೂಗಿಗೆ ಬಡಿಯುತ್ತಿತ್ತು. ಯಾರೂ ತಲೆಯೆತ್ತಿ ನೋಡಲಿಲ್ಲ. ಅವನ ಮುಖ ಕೆಂಪಾಯಿತು.

"ಗುರುಗಳೇ, ನನಗೆ ಎಲೆಯೇ ಇಲ್ಲ."

"ಅನ್ನ ಬೇಕಾದಷ್ಟಿದೆ. ಎಲ್ಲರದೂ."

"ಎಲ್ಲಿ ಕೂರಲಿ?"

"ನಿನ್ನನ್ನ ಯಾರಪ್ಪ ಬೇಡ ಅಂದ್ರು?" ಎಂದು ಗುರುಗಳು ತುತ್ತು ಕಲಸಿದರು.

ಪುಟದಿಂದ ಪುಟಕ್ಕೆ ಅಲೆದ ಆ ಪುಟ್ಟ ಬೆರಳು ಚನ್ನವೀರನ ಕಣ್ಣಿಗೆ ಕಟ್ಟಿತು. ತನ್ನ ನಗುವೂ ಕಿವಿಯಲ್ಲಿ ಕೇಳಿಸಿತು. ಛೆ, ಎಂಥ ಕೆಲಸ ಮಾಡಿಬಿಟ್ಟೆ! ಅವನು ಉಣ್ಣದೆಯೇ ಹೊಳೆಯ ಕಡೆ ಓಡಿದ.

ಹೊನ್ನಿ ದೋಣಿಯೊಳಗಿನ ನೀರು ಮೊಗೆದು ಚೆಲ್ಲುತ್ತಿದ್ದಳು. ಅವನನ್ನು ಕಂಡು ಬೆನ್ನು ತಿರುಗಿಸಿದಳು.

"ಹೊನ್ನಿ, ನಕ್ಕಿದ್ದು ನನ್ನ ತಪ್ಪು ಕಣಮ್ಮ. ಗುಂಗುರು ಕೂದಲು ಬರೆಯೋಕೆ ನನಗೆ ಕೈ ಬರ್ತಿಲ್ಲ. ಸ್ವಲ್ಪ ಕೂತ್ಕೋತೀಯಾ?"

ಅವಳು ಇನ್ನೆರಡು ಸಲ ನೀರು ಮೊಗೆದು ಚೆಲ್ಲಿದಳು.

"ಸುಮ್ನೆ ಕೂರಕ್ಕೆ ನಂಗೆ ಪುರುಸೊತ್ತಿಲ್ಲ," ಎಂದಳು ಕೊನೆಗೆ. "ದೋಣಿ ನಡೆಸ್ತಾ ಇರ್ತೀನಿ. ಬೇಕಾದ್ರೆ ಬರ್ಕೊಳ್ಳಿ."

ಚನ್ನವೀರ ಬರೆದ. ಮೊದಲ ಸಲ ಕೂದಲು ಹಕ್ಕಿಗೂಡಿನ ಹಾಗೆ ಬಂತು. ಅಳಿಸಿ ಮತ್ತೆ ಬರೆದ. ಕಥೆಯನ್ನೂ ತಿದ್ದಿದ. ಎಮ್ಮೆ ಹೊಳೆಯಾಚೆ ಸೇರಿಕೊಂಡಿತ್ತು. ಮಕ್ಕಳನ್ನೆಲ್ಲ ದಾಟಿಸಿದವಳು ದೋಣಿಯ ಹುಡುಗಿ.

ಸಂಜೆ ಮಕ್ಕಳು ಮತ್ತೆ ಪುಸ್ತಕಕ್ಕೆ ಮುತ್ತಿದರು. ಹೊನ್ನಿ ಕಂಬಕ್ಕೆ ಒರಗಿ ದೂರವೇ ನಿಂತಿದ್ದಳು.

ಪುಟ ತಿರುಗಿತು. ಹೊನ್ನಿ ಇಣುಕಿದಳು. ಎಲ್ಲರನ್ನೂ ತಳ್ಳಿಕೊಂಡು ಬಂದವಳೇ ಬೆರಳಿಟ್ಟಳು.

"ಇದು ನಾನು!"

ಯಾರೂ ನಗಲಿಲ್ಲ. ಮುಕುಂದನ ಬೆರಳು ಮೆಲ್ಲಗೆ ಅವಳ ಬೆರಳಿನ ಪಕ್ಕಕ್ಕೆ ಬಂತು.

"ಇವತ್ತು ನಾನೂ ಇವಳೇ."

"ಆಗು, ನಂಗೇನು," ಎಂದಳು ಹೊನ್ನಿ. "ಆದ್ರೆ ದೋಣಿ ಹುಟ್ಟು ಮಾತ್ರ ನಾನೇ ಹಾಕೋದು. ಚನ್ನಣ್ಣ, ಆಮೇಲೆ? ಆಮೇಲೇನಾಯ್ತು?"

ಅಬ್ಬಾ! ಚನ್ನವೀರನಿಗೆ ಹೋದ ಜೀವ ಬಂದ ಹಾಗಾಯಿತು. ಕಣ್ಣು ಮಂಜಾಗಿ, ಹೇಳಬೇಕಾದ ಕಥೆಯೇ ಮರೆತು ಸುಮ್ಮನೆ ಕೂತುಬಿಟ್ಟ.

ಜಗಲಿಯ ಮೇಲಿಂದ ಗುರುಗಳ ದನಿ ಕೇಳಿಸಿತು.

"ಎಲೆ ಹಾಕಿ ಆಯ್ತಲ್ಲಪ್ಪ. ಇನ್ನು ಬಡಿಸು."