ಪೊರಕೆ ಕೇಳಿದ ದಾರಿ

ಕದದ ಹಿಂದೆ ಅವಿತು ನಿಂತು ಸಾಕಾಗಿ ಪೊರಕೆಯೊಂದು ಮನೆ ಬಿಟ್ಟಿತು. ಬಕೆಟ್ಟನ್ನು ಜೊತೆಗೆ ಕರೆದುಕೊಂಡು, ಮನೆಗಳನ್ನು ಶುಚಿ ಮಾಡಿಕೊಡುವ ಸ್ವಂತ ಕಸುಬು ಶುರು ಮಾಡಿತು. ಮೊದಲ ಕರೆ ಒಂದು ದೊಡ್ಡ ಮನೆಯಿಂದ ಬಂತು. ಅಂದು ರಾತ್ರಿ ಅಲ್ಲಿಗೆ ಬೀಗರು ಊಟಕ್ಕೆ ಬರುವವರಿದ್ದರು.

ಮುಂಬಾಗಿಲು ಪೊರಕೆಯನ್ನು ತಡೆಯಿತು. "ನಿನ್ನ ಮುಖ ಕಂಡರೆ ಅಪಶಕುನ. ಹಿತ್ತಲಿಂದ ಬಾ. ನನ್ನ ಎರಡೂ ಕದ ತೆರೆಯುವುದು ಬೀಗರಿಗೆ ಮಾತ್ರ."

"ಬಾಗಿಲಪ್ಪನವರೇ, ಒಳಗಿರುವ ಕಸ ಎಲ್ಲಿಂದ ಬಂತು?"

"ಇಲ್ಲಿಂದಲೇ, ದೊಡ್ಡವರ ಕಾಲಿಗೆ ಅಂಟಿಕೊಂಡು."

"ಕಸಕ್ಕಿಲ್ಲದ ಹಿತ್ತಲ ದಾರಿ ನನಗೇಕೆ?"

"ಎಷ್ಟು ಕೊಬ್ಬು ನಿನಗೆ!" ಎಂದು ಬಾಗಿಲು ಮುಚ್ಚಿಕೊಂಡಿತು.

ಬಕೆಟ್ಟು ಹೆದರಿತು. "ಅಕ್ಕಾ, ಮೊದಲ ಕೆಲಸ ಕೈ ತಪ್ಪುತ್ತದೆ. ಹಿತ್ತಲಿಂದಲೇ ಹೋಗೋಣ."

"ಇವತ್ತು ಹಿತ್ತಲಿಂದ ಹೋದರೆ, ನಾಳೆ ಮತ್ತೆ ಕದದ ಹಿಂದೆಯೇ ನಿಲ್ಲಬೇಕಾಗುತ್ತದೆ," ಎಂದ ಪೊರಕೆ, ಬೀದಿಗೆಲ್ಲ ಕಾಣುವಂತೆ ಜಗಲಿಯ ಮೇಲೆ ಕೂತಿತು.

ಹೊತ್ತು ಇಳಿಯಿತು. ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದೆಂಬುದು ಆ ಮನೆಯವರದೇ ಕಟ್ಟಳೆ. ಒಳಗೆ ಯಾರೋ ದೀಪಕ್ಕೆ ಎಣ್ಣೆ ಹಾಕುವುದು ಬಾಗಿಲಿಗೆ ಕಂಡಿತು. ಕಿರ್ರೆನ್ನುತ್ತ ಒಂದು ಕದ ತೆರೆಯಿತು.

ಪೊರಕೆ ಕೂತಲ್ಲಿಂದ ಅಲ್ಲಾಡಲಿಲ್ಲ.

"ಇನ್ನೊಂದು?" ಎಂದಿತು.