ಕೆಂಡವ್ವ ಬುತ್ತಿ ಹೊತ್ತು ಹೊರಟದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೆ ಗೊತ್ತಿರಲಿಲ್ಲ. ಆಗ ಗಾಳಿ, ನೀರು, ಬೆಂಕಿ, ಹಕ್ಕಿ ಎಲ್ಲರೂ ಒಂದೇ ಅಂಗಳದಲ್ಲಿ ಕೂತು ಮಾತಾಡುತ್ತಿದ್ದರು. ಬೇಸರ ಬಂದರೆ ಜಗಳವನ್ನೂ ಆಡುತ್ತಿದ್ದರು.

ಆ ಅಂಗಳದ ಯಜಮಾನಿ ಭೂಮವ್ವ. ಅವಳಿಗೊಂದು ಅಭ್ಯಾಸ, ಯಾರ ಕೈಯನ್ನೂ ಬಿಡುತ್ತಿರಲಿಲ್ಲ. ಕಪ್ಪೆ ಹಾರಿದರೆ ಹಿಡಿದು ಕೂರಿಸುವಳು. ಎಲೆ ತೂರಿಹೋದರೆ ಎಳೆದು ಕೂರಿಸುವಳು. ಎಸೆದ ಕಲ್ಲನ್ನಂತೂ ಅರ್ಧ ದಾರಿಯಿಂದಲೇ ಕರೆಸಿಕೊಳ್ಳುವಳು. ಪ್ರೀತಿ ಹೆಚ್ಚಾದ ತಾಯಂದಿರು ಹಾಗೆಯೇ, ಏನು ಮಾಡುವುದು!

ಅಂಥ ಭೂಮವ್ವನ ಕೈ ತಪ್ಪಿಸಿಕೊಂಡು ದೂರದಲ್ಲಿ ಮನೆ ಮಾಡಿದವನು ಒಬ್ಬನೇ, ಅವಳ ತಮ್ಮ ಚಂದಪ್ಪ. ಅವ್ವನ ತಮ್ಮ ಅಂದಮೇಲೆ ನಮಗೆಲ್ಲ ಅವನು ಮಾಮ. ಅದಕ್ಕೇ ಚಂದಮಾಮ ಅನ್ನುವುದು.

ಪಂಚಮಿ ಹಬ್ಬ ಬಂದರೆ ಅಕ್ಕ ತಂಗಿಯರು ಉಂಡಿ ಕಟ್ಟಿ ಅಣ್ಣ ತಮ್ಮಂದಿರಿಗೆ ಕೊಡುವುದು ಆಗಿನಿಂದಲೂ ಉಂಟು. ಭೂಮವ್ವ ಪ್ರತಿ ಪಂಚಮಿಗೆ ಎಳ್ಳು ಹುರಿದು, ಬೆಲ್ಲದ ಪಾಕ ಮಾಡಿ, ಘಮಘಮ ಎನ್ನುವ ಉಂಡಿ ಕಟ್ಟುತ್ತಿದ್ದಳು. ಆದರೆ ಅಷ್ಟು ದೂರ ಒಯ್ದು ಕೊಡುವವರು ಯಾರು? ಉಂಡಿ ಡಬ್ಬಿಯಲ್ಲೇ ಉಳಿಯುತ್ತಿತ್ತು. ಚಂದಪ್ಪ ದಾರಿ ನೋಡಿ ನೋಡಿ ಮುಖ ಸಣ್ಣ ಮಾಡುತ್ತಿದ್ದ.

ಒಂದು ವರ್ಷ ಅವನಿಗೆ ಸಿಟ್ಟೇ ಬಂತು. ಬೆಳದಿಂಗಳ ಕೈಲಿ ಹೇಳಿ ಕಳಿಸಿದ. "ಅಕ್ಕಾ, ನೀ ನನ್ನ ಮರತೀ. ಈ ಪಂಚಮಿಗೂ ಉಂಡಿ ಬರಲಿಲ್ಲಂದ್ರ ನಾ ಚುಕ್ಕಿಗಳ ಊರಿಗೆ ಹೋಗಿಬಿಡ್ತೀನಿ. ಮತ್ತ ಈ ಕಡೆ ತಿರುಗಿ ಸುದ್ದಾ ನೋಡಂಗಿಲ್ಲ."

ಭೂಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಡಲು ಗಾಬರಿಯಾಗಿ, "ಅವ ಹೋದ್ರ ನನ್ನ ಜೋಕಾಲಿ ತೂಗೋರು ಯಾರವ್ವಾ?" ಎಂದಿತು. ಮೊಲ ಅಳುತ್ತಾ, "ರಾತ್ರಿ ನಮಗ ದಾರಿ ಹೆಂಗ ಕಾಣಬೇಕು?" ಎಂದಿತು.

ಹದ್ದು ಹಾರಿ ನೋಡಿತು. ಮೇಲೆ ಹೋದಂತೆ ರೆಕ್ಕೆಗೆ ಆಸರೆಯೇ ಸಿಗದೆ ಮರಳಿ ಬಂತು. ಗಾಳಿ ನಾಚಿಕೊಂಡು ಹೇಳಿತು, "ನನ್ನ ಊರು ಅಲ್ಲಿಗೇ ಮುಗೀತದ ಅವ್ವಾ. ಅದರಾಚೆ ನಾನಿಲ್ಲ."

ಭೂಮವ್ವನ ಒಲೆಯಲ್ಲಿ ಬೆಂಕಿಯ ಮಕ್ಕಳಿಬ್ಬರು ಇದ್ದರು. ಅಣ್ಣ ಕಿಡಿಯಪ್ಪ, ತಂಗಿ ಕೆಂಡವ್ವ. ಕಿಡಿಯಪ್ಪನದು ಒಂದು ಕಡೆ ನಿಲ್ಲುವ ಜೀವವಲ್ಲ. ಕೆಂಡವ್ವ ಮಾತ್ರ ಬೂದಿ ಹೊದ್ದು ಕೂತಲ್ಲೇ ಕೂತಿರುವಳು. ಆದರೆ ಈ ಸಲ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ದಿನಾ ತನ್ನನ್ನು ಬೂದಿ ಮುಚ್ಚಿ ಮಲಗಿಸುವ ಭೂಮವ್ವ ಅಳುವುದನ್ನು ಅವಳು ಎಂದೂ ನೋಡಿರಲಿಲ್ಲ.

ಅವಳು ಬಾಯಿ ತೆರೆಯುವ ಮೊದಲೇ ಕಿಡಿಯಪ್ಪ ಎದ್ದು ನಿಂತ. "ನಾ ಹೋಗ್ತೀನಿ! ಕಣ್ಣ ಮುಚ್ಚಿ ತೆಗೆಯೋದ್ರಾಗ ಮುಟ್ಟಿಸ್ತೀನಿ."

"ದಾರಿ ದೂರ ಅದಪಾ. ಬುತ್ತಿ ಕಟ್ಟಿಕೊಡ್ತೀನಿ, ತಡಿ" ಎಂದಳು ಭೂಮವ್ವ.

"ಬುತ್ತಿ ಯಾಕವ್ವಾ, ಸುಮ್ನ ಭಾರ!" ಎಂದು ಕಿಡಿಯಪ್ಪ ಒಂದೇ ಒಂದು ಒಣ ಕಡ್ಡಿಯನ್ನು ಬಾಯಿಗೆ ಹಾಕಿಕೊಂಡ, ಉಂಡಿಯ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಮನೆಯಿಂದ ಹೊರಡುವವರು ಹೋಗಿ ಬರ್ತೀನಿ ಅನ್ನಬೇಕಲ್ಲ, ಅದನ್ನೂ ಅನ್ನಲಿಲ್ಲ. ಸುಂಯ್ ಎಂದು ಹೋಗಿಯೇಬಿಟ್ಟ.

ಎಂಥ ವೇಗ ಅಂತೀರಿ! ನಿಂತಲ್ಲಿ ಇದ್ದವನು ನಿಂತಲ್ಲಿ ಇಲ್ಲ. ಹದ್ದು ಕತ್ತೆತ್ತುವಷ್ಟರಲ್ಲಿ ಅವನು ಹದ್ದಿನ ದಾರಿಯನ್ನೂ ದಾಟಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಮುಗಿಯುವ ಮೊದಲೇ ಬಾಯಲ್ಲಿದ್ದ ಕಡ್ಡಿ ಮುಗಿಯಿತು. ಭೂಮವ್ವನ ಕೈ ಇನ್ನೂ ಬಿಟ್ಟಿರಲಿಲ್ಲ. ಅವನು ತಲೆಕೆಳಗಾಗಿ ಬಂದು ಹೊಳೆಯ ಒದ್ದೆ ಮರಳಿನಲ್ಲಿ ಚುಂಯ್ ಎಂದು ಬಿದ್ದ.

ಮುಖಕ್ಕೆ ಮಸಿ ಬಳಿದುಕೊಂಡು ಬಂದವನನ್ನು ಭೂಮವ್ವ ಬಯ್ಯಲಿಲ್ಲ. ಆದರೆ ಡಬ್ಬಿ ಹೊಳೆಯ ಪಾಲಾಗಿತ್ತು. ಮೀನುಗಳು ಆವತ್ತು ಭರ್ಜರಿ ಹಬ್ಬ ಮಾಡಿದವು. ಒಲೆಯ ಪಕ್ಕದ ತಟ್ಟೆಯಲ್ಲಿ ಉಳಿದದ್ದು ಒಂದೇ ಉಂಡಿ. ಎಳ್ಳೂ ಮುಗಿದಿತ್ತು, ಬೆಲ್ಲವೂ ಮುಗಿದಿತ್ತು.

ಆಗ ಕೆಂಡವ್ವ ಬೂದಿ ಕೊಡವಿ ಎದ್ದಳು. "ಅವ್ವಾ, ನನಗ ಬುತ್ತಿ ಕಟ್ಟಿಕೊಡು."

ಭೂಮವ್ವ ಅವಳ ಮುಖ ನೋಡಿದಳು. "ದಾರ್‍ಯಾಗ ಬುತ್ತಿ ಮುಗಿದ್ರ ನೀ ತಣ್ಣಗಾಗಿ ಇದ್ದಲಿ ಆಗ್ತೀಯ ನನ್ನವ್ವ. ನಿನ್ನ ಹೆಂಗ ಕಳಿಸಲಿ?"

"ಮುಗಿಯದಂಗ ಕಟ್ಟು" ಎಂದಳು ಕೆಂಡವ್ವ. ಹೆದರಿಕೆ ಅವಳಿಗೂ ಇತ್ತು. ಅದನ್ನು ತೋರಿಸಿಕೊಳ್ಳಲಿಲ್ಲ.

ಭೂಮವ್ವ ಕಟ್ಟತೊಡಗಿದಳು. ಒಣ ಕಟ್ಟಿಗೆ, ಬೆರಣಿ, ಎಣ್ಣೆಯ ಗಡಿಗೆ. ಒಂದು ಗಂಟಿನ ಮೇಲೆ ಇನ್ನೊಂದು ಗಂಟು, ಅದರ ಮೇಲೆ ಮತ್ತೊಂದು. ಕೈ ನಿಂತರೆ ತಾನೇ! ಕಟ್ಟಿ ಮುಗಿಸಿದಾಗ ಬುತ್ತಿ ತೆಂಗಿನ ಮರದಷ್ಟು ಎತ್ತರವಾಗಿತ್ತು. ಅದರ ತುದಿಯಲ್ಲಿ ಬೆರಳಷ್ಟು ಕೆಂಡವ್ವ, ಅವಳ ಮಡಿಲಲ್ಲಿ ಒಂದು ಉಂಡಿ.

ಅಂಗಳವೆಲ್ಲ ನಕ್ಕಿತು. "ನೀ ಹೊಂಟೀಯೋ, ನಿನ್ನ ಬುತ್ತಿ ಹೊಂಟತೋ?" ಎಂದು ಕೇಳಿತು ಅಳಿಲು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ, ನೋಡಿದವರಿಗೆ ಹಾಗೆಯೇ ಕಾಣುತ್ತಿತ್ತು.

"ಹೋಗಿ ಬರ್ತೀನವ್ವಾ" ಎಂದಳು ಕೆಂಡವ್ವ. ಉರಿಯ ನಾಲಿಗೆ ಕೆಳಕ್ಕೆ ಚಾಚಿ, ಕೆಳಗಿನ ಗಂಟಿನಿಂದ ಮೊದಲ ತುತ್ತು ತಿಂದಳು. ಬುತ್ತಿಯ ಬುಡದಲ್ಲಿ ಧಗ್ ಎಂದು ಉರಿ ಹೊಮ್ಮಿತು, ಹೊಗೆ ಅಂಗಳ ತುಂಬಿತು, ನೆಲ ಗುಡುಗುಡು ನಡುಗಿತು. ಅಷ್ಟೆಲ್ಲ ಸದ್ದಾದ ಮೇಲೆ ಕೆಂಡವ್ವ ಎದ್ದದ್ದು ಎಷ್ಟು ಅಂತೀರಿ? ಒಂದು ಗೇಣು.

ಮತ್ತೆ ತಿಂದಳು. ಮತ್ತೊಂದು ಗೇಣು. ಬುತ್ತಿ ಅಷ್ಟು ಭಾರ. ಸಾಲದ್ದಕ್ಕೆ ಭೂಮವ್ವನ ಕೈ ಬೇರೆ. ಕಳಿಸಬೇಕೆಂಬ ಆಸೆ ಅವಳಿಗೇ ಎಲ್ಲರಿಗಿಂತ ಹೆಚ್ಚು. ಆದರೂ ಹಿಡಿದ ಕೈ ಬಿಡಲು ಅವಳಿಗೆ ಬರುತ್ತಿರಲಿಲ್ಲ.

ಕೆಳಗಿನಿಂದ ಕಿಡಿಯಪ್ಪ ಕೂಗಿದ. "ತಂಗೀ, ಅರ್ಧ ಬುತ್ತಿ ಒಗದುಬಿಡು! ನನ್ನಂಗ ಸುಂಯ್ ಅಂತ ಹೋಗ್ತೀ!"

ಕೆಂಡವ್ವನಿಗೆ ಆಸೆಯಾಯಿತು. ಎಲ್ಲರೂ ನಗುತ್ತಿದ್ದರು, ಅವಳಿಗೆ ಅಳು ಬರುವಂತಾಗಿತ್ತು. ಒಂದು ಗಂಟನ್ನು ಉರುಳಿಸಿಬಿಟ್ಟರೆ ಈಗಲೇ ಹಾರಿ ತೋರಿಸಬಹುದಿತ್ತು. ಗಂಟಿನ ಮೇಲೆ ಕೈಯನ್ನೂ ಇಟ್ಟಳು. ಆಗ ಅವಳಿಗೆ ಅಣ್ಣನ ಮಸಿ ಮುಖ ಕಂಡಿತು.

ಇವರು ನೋಡುವುದು ಅಂಗಳದ ಮೇಲಿನ ಒಂದು ಗೇಣನ್ನು. ತಾನು ಹೋಗಬೇಕಾದದ್ದು ಚಂದಮಾಮನ ಮನೆಗೆ. ಕೆಂಡವ್ವ ಗಂಟಿನಿಂದ ಕೈ ತೆಗೆದಳು. ನಗುವವರು ನಗಲಿ ಎಂದುಕೊಂಡು ಇನ್ನೊಂದು ತುತ್ತು ತಿಂದಳು.

"ಸಾವಕಾಶ ಹೋಗವ್ವಾ, ಸಾವಕಾಶ" ಎಂದಿತು ಗಾಳಿ. ಅದು ದಾರಿಯಲ್ಲೆಲ್ಲ ದಟ್ಟವಾಗಿ ನಿಂತು ಅವಳ ಮೈ ಸವರುತ್ತಿತ್ತು.

ಅವಳು ತಿನ್ನುತ್ತಲೇ ಇದ್ದಳು. ತಿಂದಷ್ಟೂ ಬುತ್ತಿ ಹಗುರಾಯಿತು. ಹಗುರಾದಷ್ಟೂ ವೇಗ ಬಂತು. ಗೇಣು ಇದ್ದದ್ದು ಮಾರಾಯಿತು, ಮಾರು ಇದ್ದದ್ದು ಹರದಾರಿಯಾಯಿತು. ಕೆಳಗಿನ ಗಂಟು ಖಾಲಿಯಾದ ಕೂಡಲೇ ಅದರ ಬಟ್ಟೆಯನ್ನು ಬಿಚ್ಚಿ ಬಿಟ್ಟಳು. ಆ ಕ್ಷಣವೇ ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗೆ ಮುಂದಕ್ಕೆ ಚಿಮ್ಮಿದಳು.

ಹದ್ದಿನ ದಾರಿ ಹಿಂದೆ ಬಿತ್ತು. ಕಿಡಿಯಪ್ಪ ಬಿದ್ದ ಜಾಗ ಹಿಂದೆ ಬಿತ್ತು. ಗಾಳಿ ತೆಳ್ಳಗಾಗಿ, "ಇನ್ನ ನೀನುಂಟು ನಿನ್ನ ದಾರಿ ಉಂಟು, ತಾಯಿ" ಎಂದು ನಿಂತುಬಿಟ್ಟಿತು. ಎರಡನೆಯ ಗಂಟೂ ಖಾಲಿಯಾಯಿತು. ಈಗ ಕಿಡಿಯಪ್ಪನೇ ಪಕ್ಕದಲ್ಲಿದ್ದರೂ ಅವಳನ್ನು ಹಿಡಿಯಲು ಆಗುತ್ತಿರಲಿಲ್ಲ. ಅಂಗಳದಲ್ಲಿ ನಗು ಯಾವಾಗಲೋ ನಿಂತಿತ್ತು. ಅಳಿಲು ಬಾಯಿಗೆ ಕೈ ಇಟ್ಟುಕೊಂಡು ಮೇಲೆ ನೋಡುತ್ತಿತ್ತು.

ಕೊನೆಯ ಗಂಟೂ ಮುಗಿದಾಗ ಚಂದಮಾಮನ ಮನೆ ಇನ್ನೂ ದೂರವಿತ್ತು. ಕೆಂಡವ್ವನ ಮೈ ತಣ್ಣಗಾಗತೊಡಗಿತು. ಮಡಿಲಲ್ಲಿ ಎಣ್ಣೆ ಜಿನುಗುವ ಎಳ್ಳುಂಡಿ. ತಿಂದರೆ ಜೀವ ಬಿಸಿಯಾಗುತ್ತಿತ್ತು. ಅವಳು ಅದನ್ನು ಇನ್ನಷ್ಟು ಭದ್ರವಾಗಿ ಹಿಡಿದುಕೊಂಡಳು.

ಹೆದರಿ ಕಣ್ಣು ಮುಚ್ಚಿದವಳಿಗೆ ಆಮೇಲೆ ಗೊತ್ತಾಯಿತು, ತಿನ್ನದಿದ್ದರೂ ತಾನು ಹೋಗುತ್ತಲೇ ಇದ್ದೇನೆ! ಭೂಮವ್ವನ ಕೈ ಅಷ್ಟು ದೂರಕ್ಕೆ ಸಡಿಲವಾಗಿ, ಬರೀ ಬೆರಳ ತುದಿ ತಾಕಿದಂತೆ ಇತ್ತು. ತಡೆಯಲು ಗಾಳಿಯೂ ಇರಲಿಲ್ಲ. ಹಾಗೇ ತೇಲುತ್ತಾ ಹೋಗಿ ಚಂದಮಾಮನ ಅಂಗೈ ಮೇಲೆ ಇಳಿದಳು.

"ಅವ್ವ ಉಂಡಿ ಕೊಟ್ಟಾಳ ಮಾಮಾ. ಒಂದ ಉಳಿದಿತ್ತು. ಸಿಟ್ಟ ಮಾಡ್ಬ್ಯಾಡ."

ಚಂದಪ್ಪ ಉಂಡಿಯನ್ನು ಮೂಸಿ ನೋಡಿದ. ಅಕ್ಕನ ಒಲೆಯ ವಾಸನೆ. ಅವನ ಸಿಟ್ಟು ಎಲ್ಲಿ ಹೋಯಿತೋ, ಮುಖ ದುಂಡಗೆ ಬೆಳಗಿತು. ಚುಕ್ಕಿಗಳ ಊರಿಗೆಂದು ಕಟ್ಟಿದ್ದ ಗಂಟನ್ನು ಬಿಚ್ಚಿಟ್ಟ. ಕೆಂಡವ್ವನನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿದ.

"ಮಾಮಾ, ಬುತ್ತಿ ಮುಗಿದದ. ನಾ ಮನಿಗೆ ಹೆಂಗ ಹೋಗ್ಲಿ?"

ಚಂದಪ್ಪ ನಕ್ಕ. "ಹುಚ್ಚೀ, ಮನಿ ಬಿಟ್ಟು ಹೊರಡಾಕ ಬುತ್ತಿ ಬೇಕು. ಮನಿಗೆ ತಿರುಗಾಕ ಯಾತಕ? ನಾ ಇಷ್ಟ ನೂಕ್ತೀನಿ. ಉಳಿದದ್ದು ನಮ್ಮಕ್ಕ ಎಳಕೊಂತಾಳ."

ಹಾಗೆಯೇ ಆಯಿತು. ಬೆರಳಿನಿಂದ ಅಷ್ಟು ನೂಕಿದ್ದಕ್ಕೆ ಕೆಂಡವ್ವ ದಾರಿಯುದ್ದಕ್ಕೂ ಜೋರಾಗುತ್ತಾ ಜೋರಾಗುತ್ತಾ, ಗಾಳಿಯ ಊರಿನಲ್ಲಿ ಝಗ್ ಎಂದು ಬೆಳಗಿ, ಭೂಮವ್ವನ ಮಡಿಲಿಗೆ ಬಂದು ಬಿದ್ದಳು. ಭೂಮವ್ವ ಅವಳಿಗೆ ಬೂದಿ ಹೊದಿಸಿ, ಕೈ ಹಿಡಿದು ಕೂತಳು.

ಕಿಡಿಯಪ್ಪನ ವಂಶದವರು ಈಗಲೂ ಇದ್ದಾರೆ. ದೀಪಾವಳಿಗೆ ಸೀಸೆಯಲ್ಲಿ ನಿಲ್ಲಿಸುವ ಬಾಣ ಅವರ ಪೈಕಿ. ಸಿಟ್ಟಿನಿಂದ ಹೊರಡುವ ಕ್ಷಿಪಣಿಯೂ ಅವರ ಪೈಕಿ. ಕಣ್ಣು ಮಿಟುಕಿಸುವುದರಲ್ಲಿ ಹೋಗಿಬಿಡುತ್ತವೆ. ಹೋಗಿ ಬರ್ತೀನಿ ಅನ್ನುವುದಿಲ್ಲ, ಬರುವುದೂ ಇಲ್ಲ.

ಚಂದಮಾಮನ ಕಡೆಗೆ ಹೊರಡುವ ದೊಡ್ಡ ರಾಕೆಟ್ ಮಾತ್ರ ಕೆಂಡವ್ವನ ವಂಶ. ಆದ್ದರಿಂದ ಟಿವಿಯಲ್ಲಿ ಅದು ಅಷ್ಟು ಬೆಂಕಿ ಕಾರಿ, ಅಷ್ಟು ಹೊಗೆ ಎಬ್ಬಿಸಿ, ಮೊದಲು ಗೇಣು ಗೇಣಾಗಿ ಮಾತ್ರ ಏಳುವುದನ್ನು ಕಂಡಾಗ ನಗಬೇಡ ಮಗೂ, ದೊಡ್ಡ ಬುತ್ತಿ ಹೊತ್ತವಳು ತಾಯಿಯ ಕೈಯಿಂದ ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತಾ, "ಹೋಗಿ ಬರ್ತೀನವ್ವಾ" ಅನ್ನುತ್ತಿದ್ದಾಳೆ.