ನಾಲ್ಕನೆಯವನು

"ಬುದ್ಧೀ, ಜೀವ ಕಾಪಾಡಿಕೊಳ್ಳಲು ಡ್ರೋನ್ ಇಟ್ಟುಕೊಂಡರೆ ತಪ್ಪೇನು?" ಎಂದು ಬೋರಲಿಂಗ ಕೇಳಿದ.

ಮಠಕ್ಕೆ ಏರುವ ಬೆಟ್ಟದ ದಾರಿಯಲ್ಲಿ ಕರಡಿಯ ಕಾಟವಿತ್ತು. ದಿನವೂ ಪೂಜೆಗೆ ಹೂ ತರುವ ದೊಡ್ಡತಾಯಮ್ಮನ ಜೊತೆ, ಅವಳ ಮಂಡಿನೋವು ಬಿಟ್ಟಷ್ಟೇ ವೇಗದಲ್ಲಿ, ಅವನು ಹತ್ತುತ್ತಿದ್ದ. ಇಂದು ಹೊಸ ಡ್ರೋನಿನ ಕೆಳಗೆ ಒಬ್ಬನೇ ಬಂದಿದ್ದ. ಅರ್ಧ ಗಂಟೆ ಉಳಿತಾಯವಾಗಿತ್ತು. ಗುರುಗಳು ಮೆಚ್ಚುತ್ತಾರೆಂದು ಕಾದ. ಗುರುಗಳು ಕತೆ ಶುರುಮಾಡಿದರು. ಕತೆ ಬಂದರೆ ಮೆಚ್ಚುಗೆ ಬರುವುದಿಲ್ಲ. ಹನ್ನೆರಡು ವರ್ಷ ಶಿಷ್ಯನಾಗಿದ್ದು ಅವನು ಖಚಿತವಾಗಿ ಕಲಿತದ್ದು ಅದೊಂದೇ.

ಒಂದೂರಿನಿಂದ ಸಂತೆಗೆ ಹೋಗುವ ದಾರಿ ಕಬ್ಬಿನ ಗದ್ದೆಗಳ ನಡುವೆ ಇತ್ತು. ಕಬ್ಬಿನೊಳಗೆ ಚಿರತೆ ಇತ್ತು. ಊರವರದು ಒಂದು ಕಟ್ಟಳೆ: ಅರಳಿಕಟ್ಟೆಯ ಮೇಲೆ ನಾಲ್ವರು ಸೇರುವವರೆಗೆ ಕಾಯಬೇಕು, ಆಮೇಲೆ ಜೋರಾಗಿ ಮಾತಾಡುತ್ತ ಒಟ್ಟಿಗೆ ನಡೆಯಬೇಕು. ಮಾತಿಗೆ ವಿಷಯ ಬೇಕೆಂದೇನೂ ಇರಲಿಲ್ಲ.

ಒಬ್ಬ ಬೆಲ್ಲದ ವ್ಯಾಪಾರಿಗೆ ಈ ಕಾಯುವಿಕೆ ಸಾಕಾಯಿತು. ಅವನು ಡ್ರೋನ್ ತಂದ. ಅದು ತಾನಾಗಿಯೇ ಅವನ ತಲೆಯ ಮೇಲೆ ಹಾರುತ್ತಿತ್ತು. ಚಿರತೆ ಕಂಡರೆ ಕೆಂಪು ದೀಪ, ಕಾಣದಿದ್ದರೆ ಹಸಿರು. ಅವನನ್ನು ನೋಡಿ ಉಳಿದವರೂ ತಂದರು. ಎಲ್ಲರೂ ಒಬ್ಬೊಬ್ಬರಾಗಿ ಹೋಗತೊಡಗಿದರು. ಕಟ್ಟೆಯ ಮೇಲೆ ಡ್ರೋನ್ ಇಲ್ಲದ ಮೂವರು ಉಳಿದರು: ಒಬ್ಬ ಕುಂಬಾರ, ಒಬ್ಬ ಗಾರೆಯವ, ಒಬ್ಬಳು ಮೊಸರಿನವಳು. ನಾಲ್ಕನೆಯವರು ಸಿಗುವುದೇ ಕಷ್ಟವಾಯಿತು.

ಒಂದು ಬೆಳಿಗ್ಗೆ ವ್ಯಾಪಾರಿ ಕಾಲುವೆ ದಾಟುವಾಗ ಜಾರಿ ಜೊಂಡಿನೊಳಗೆ ಬಿದ್ದ. ಕಾಲು ಮುರಿಯಿತು. ಡ್ರೋನ್ ಅವನನ್ನು ಬಿಟ್ಟು ಕದಲಲಿಲ್ಲ. ಚಿರತೆ ಇರಲಿಲ್ಲ, ದೀಪ ಹಸಿರಾಗಿಯೇ ಇತ್ತು. ದಾರಿಹೋಕರು ಒಬ್ಬೊಬ್ಬರೇ ಬಂದರು, ಹಸಿರು ದೀಪ ನೋಡಿದರು, ಮುಂದೆ ಹೋದರು. ಅವನು ಕೂಗಿದ್ದು ಅವರವರ ಡ್ರೋನಿನ ಸದ್ದಿನಲ್ಲಿ ಅವರಿಗೆ ಕೇಳಲಿಲ್ಲ. ಬಿಸಿಲು ಏರಿತು. ಅವನ ಕೂಗು ಇಳಿಯಿತು.

ಕಟ್ಟೆಯ ಮೇಲೆ ಕೂತವರಿಗೆ ಮಾಡಲು ಬೇರೆ ಕೆಲಸವಿರಲಿಲ್ಲ. ದೂರದಲ್ಲಿ ಒಂದು ಡ್ರೋನ್ ಬೆಳಗಿನಿಂದ ಒಂದೇ ಕಡೆ ನಿಂತದ್ದನ್ನು ಮೊಸರಿನವಳು ನೋಡಿದಳು. "ಅದರ ಕೆಳಗೆ ಒಬ್ಬ ಮನುಷ್ಯ ಇರಲೇಬೇಕಲ್ಲ, ಕರೆದರೆ ನಾಲ್ವರಾಗುತ್ತೇವೆ" ಎಂದಳು. ಮೂವರೂ ಹೋಗಿ ಜೊಂಡು ಸರಿಸಿದರು.

"ಏನಣ್ಣಾ, ಒಬ್ಬರು ಕಮ್ಮಿ ಇದ್ದೀವಿ. ಬರ್ತೀಯಾ?"

"ಕಾಲು ಮುರಿದಿದೆ ತಾಯಿ, ನಡೆಯೋಕಾಗಲ್ಲ."

"ನಡೆಯೋದು ಯಾರಿಗೆ ಬೇಕು? ನಾವು ಹೊರ್ತೀವಿ. ನೀನು ಜೋರಾಗಿ ಮಾತಾಡ್ತಾ ಇರು, ಸಾಕು."

ಅವನು ಸಂತೆಯವರೆಗೂ ನರಳಿದ. ಅದೂ ಲೆಕ್ಕಕ್ಕೆ ಬಂತು.

ಗುರುಗಳು ನಿಲ್ಲಿಸಿದರು. ಅಂಗಳದ ಮೇಲೆ ಬೋರಲಿಂಗನ ಡ್ರೋನ್ ಗುಂಯ್‌ಗುಡುತ್ತಿತ್ತು.

"ಹಾಗಾದರೆ ಡ್ರೋನ್ ಸುಳ್ಳು ಹೇಳಿತೇ, ಬುದ್ಧೀ?" ಎಂದು ಅವನು ಕೇಳಿದ. ಇದಕ್ಕೆ ಗುರುಗಳ ಬಳಿ ಉತ್ತರವಿರಲಾರದು ಎಂದುಕೊಂಡ.

"ಇಲ್ಲಪ್ಪ. ಚಿರತೆ ಇರಲಿಲ್ಲವಲ್ಲ."

ಒಳಗೆ ಗಂಟೆ ಹೊಡೆಯಿತು. ಗುರುಗಳು ಎದ್ದು ಗರ್ಭಗುಡಿಯ ಕಡೆಗೊಮ್ಮೆ, ಬೆಟ್ಟದ ದಾರಿಯ ಕಡೆಗೊಮ್ಮೆ ನೋಡಿದರು.

"ಪೂಜೆಯ ಹೊತ್ತು ಮೀರಿತು ಬೋರಲಿಂಗ, ಹೂ ಇನ್ನೂ ಬಂದಿಲ್ಲ."

ಬೋರಲಿಂಗ ಬೆಟ್ಟದ ದಾರಿಯತ್ತ ಓಡಿದ.